ಹೆಬ್ಬೆರಳಿಂದ ಹಲ್ಲು ಮುಚ್ಚಿ, ಆಮೇಲೆ ಬುರುಡೆ ನೋಡಿ

ಎಂದೋ ಅಳಿದುಹೋದ ಕತ್ತಿಹಲ್ಲಿನ ಬೆಕ್ಕಿನ ತಲೆಬುರುಡೆಯ ಫೋಟೋ ಎಲ್ಲಾದರೂ ಸಿಕ್ಕರೆ ಒಂದು ಕೆಲಸ ಮಾಡಿ. ಬಾಯಿಂದ ಕೆಳಗಿಳಿದಿರುವ ಆ ಎರಡು ಉದ್ದನೆಯ ಕೋರೆಹಲ್ಲುಗಳ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಬಿಡಿ. ಈಗ ಉಳಿದದ್ದನ್ನು ನೋಡಿ. ಮೊದಲಿಗೆ ಯಾವುದೋ ಸಿಂಹದ್ದೋ ಹುಲಿಯದ್ದೋ ಬುರುಡೆ ಅನಿಸುತ್ತದೆ. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಏನೋ ಲೆಕ್ಕ ತಪ್ಪಿದೆ ಅನಿಸತೊಡಗುತ್ತದೆ. ಅಷ್ಟು ದಪ್ಪ ಪ್ರಾಣಿಗೆ ಕೆಳದವಡೆ ಇಷ್ಟೇನಾ? ಗದ್ದ ಯಾಕೆ ಹೀಗೆ ಚೌಕವಾಗಿದೆ? ಬಾಚಿಹಲ್ಲುಗಳು ಯಾಕೆ ಕಮಾನಿನ ಹಾಗೆ ಮುಂದಕ್ಕೆ ಚಾಚಿವೆ? ಕಿವಿಯ ಹಿಂದೆ ಮೂಳೆ ಯಾಕೆ ಅಷ್ಟು ಕೆಳಕ್ಕೆ ಇಳಿದಿದೆ?

ಎಲ್ಲರೂ ಹಲ್ಲು ನೋಡುತ್ತಾರೆ. ತಪ್ಪೇನಿಲ್ಲ, ನೋಡುವ ಹಾಗೇ ಇವೆ. ಆದರೆ ಆ ಹಲ್ಲು ಇಟ್ಟುಕೊಳ್ಳುವುದಕ್ಕಾಗಿ ಈ ಪ್ರಾಣಿ ತನ್ನ ಇಡೀ ತಲೆಯನ್ನೇ ರಿಪೇರಿ ಮಾಡಿಕೊಂಡಿದೆ. ಅದಕ್ಕೆ ತೆತ್ತ ಬೆಲೆಯೂ ಕಮ್ಮಿಯಲ್ಲ. ನಾನು ಬುರುಡೆ ಬಿಡುತ್ತಿಲ್ಲ, ಇದೆಲ್ಲ ಬುರುಡೆಯಲ್ಲೇ ಬರೆದಿದೆ.

ಮೊದಲು ಹೆಸರಿನ ವಿಷಯ ಮುಗಿಸೋಣ. ನಾವು ಸುಮ್ನೆ 'ಕತ್ತಿಹಲ್ಲಿನ ಹುಲಿ' ಅಂದುಬಿಡುತ್ತೇವೆ. ಅದು ಹುಲಿಯಲ್ಲ, ಹುಲಿಯ ಮುತ್ತಜ್ಜನೂ ಅಲ್ಲ. ಅದರ ವಂಶ ಈಗಿನ ಬೆಕ್ಕುಗಳ ವಂಶದಿಂದ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಬೇರೆಯಾಯಿತು. ನಿಮ್ಮ ಅಡುಗೆಮನೆಯಲ್ಲಿ ಹಾಲಿಗೆ ಕಾಯುತ್ತಾ ಕೂತಿರುವ ಬೆಕ್ಕು ಇದೆಯಲ್ಲ, ಅದೇ ಹುಲಿಗೆ ಇದಕ್ಕಿಂತ ಹತ್ತಿರದ ನೆಂಟ. ಇವುಗಳಲ್ಲಿ ತುಂಬಾ ಹೆಸರಾದದ್ದು ಸ್ಮೈಲೊಡಾನ್. ಡೆನ್ಮಾರ್ಕಿನ ಪೀಟರ್ ವಿಲ್ಹೆಲ್ಮ್ ಲುಂಡ್ ಬ್ರೆಜಿಲ್ಲಿನ ಲಾಗೋವಾ ಸಾಂತಾ ಎಂಬಲ್ಲಿ ಗುಹೆಗಳನ್ನು ಅಗೆಸುತ್ತಿದ್ದ. ಮೊದಲು ಒಂದೆರಡು ಹಲ್ಲು ಸಿಕ್ಕಾಗ ಇದು ಯಾವುದೋ ಕತ್ತೆಕಿರುಬ ಅಂದುಕೊಂಡ. ಇನ್ನಷ್ಟು ಮೂಳೆ ಸಿಕ್ಕ ಮೇಲೆ ಬೆಕ್ಕಿನ ಜಾತಿ ಅಂತ ಗೊತ್ತಾಗಿ 1842ರಲ್ಲಿ ಸ್ಮೈಲೊಡಾನ್ ಪಾಪ್ಯುಲೇಟರ್ ಎಂದು ಹೆಸರಿಟ್ಟ. ಇದು ದಕ್ಷಿಣ ಅಮೆರಿಕದ್ದು, 400 ಕಿಲೋವರೆಗೂ ತೂಗುತ್ತಿದ್ದ ಭಾರೀ ಪ್ರಾಣಿ. ಇದರ ಕೋರೆಹಲ್ಲು ಬೇರೂ ಸೇರಿ 28 ಸೆಂಟಿಮೀಟರ್ ಮುಟ್ಟುತ್ತಿತ್ತು. ಶಾಲೆಯ ಸ್ಕೇಲಿಗೆ 2 ಸೆಂಟಿಮೀಟರ್ ಕಮ್ಮಿ, ಅಷ್ಟೇ. ಉತ್ತರ ಅಮೆರಿಕದಲ್ಲಿದ್ದ ಸ್ಮೈಲೊಡಾನ್ ಫೇಟಾಲಿಸ್ ಇದಕ್ಕಿಂತ ಚಿಕ್ಕದು. ನಮಗೆ ಜಾಸ್ತಿ ಗೊತ್ತಿರುವುದು ಇದರ ಬಗ್ಗೆಯೇ.

ಅದಕ್ಕೆ ಕಾರಣ ಡಾಂಬರು.

ಲಾಸ್ ಏಂಜಲೀಸ್ ನಗರದ ಮಧ್ಯದಲ್ಲಿ, ವಿಲ್‌ಶೈರ್ ಬೂಲೆವಾರ್ಡ್ ಎಂಬ ದೊಡ್ಡ ರಸ್ತೆಯ ಪಕ್ಕದಲ್ಲೇ, ಲಾ ಬ್ರೇಯಾ ಎಂಬ ಜಾಗ ಇದೆ. ಅಲ್ಲಿ ನೆಲದಡಿಯ ಕಚ್ಚಾ ತೈಲ ಬಿರುಕುಗಳ ಮೂಲಕ ಮೇಲಕ್ಕೆ ಜಿನುಗುತ್ತದೆ. ಹಗುರವಾದ ಭಾಗ ಆವಿಯಾಗಿ ಹೋಗಿ, ರಸ್ತೆಗೆ ಹಾಕುವಂಥ ಕಪ್ಪು ಅಂಟು ಉಳಿಯುತ್ತದೆ. ಈಗಲೂ ಅಲ್ಲಿ ಗುಳ್ಳೆ ಏಳುತ್ತಿರುತ್ತದೆ. ಪ್ರಾಣಿ ಪೂರ್ತಿ ಮುಳುಗಿ ಸಾಯಬೇಕಾದರೆ ಆಳ ಬೇಕು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಡಾಂಬರಿಗೆ ಅಷ್ಟು ಬೇಕಿಲ್ಲ. ಬಿಸಿಲಿಗೆ ಮೆತ್ತಗಾದ ಕೆಲವೇ ಸೆಂಟಿಮೀಟರ್ ಡಾಂಬರು ಸಾಕು. ಮೇಲೆ ಎಲೆ, ದೂಳು ಕೂತಿರುತ್ತದೆ, ನೆಲದ ಹಾಗೇ ಕಾಣುತ್ತದೆ. ಒಂದು ಕಾಡೆಮ್ಮೆ ಕಾಲಿಟ್ಟಿತು, ಅಂಟಿಕೊಂಡಿತು, ಕೂಗಿತು. ಆ ಕೂಗಿಗೆ ತೋಳಗಳ ಹಿಂಡು ಬಂತು, ಅವೂ ಅಂಟಿಕೊಂಡವು. ಕತ್ತಿಹಲ್ಲಿನ ಬೆಕ್ಕೂ ಬಂತು. ಸಾಮಾನ್ಯವಾಗಿ ಕಾಡಿನಲ್ಲಿ ಹುಲ್ಲು ತಿನ್ನುವ ಪ್ರಾಣಿ ಜಾಸ್ತಿ, ಬೇಟೆಗಾರ ಪ್ರಾಣಿ ಕಮ್ಮಿ. ಲಾ ಬ್ರೇಯಾದಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ಸಿಕ್ಕ ಸಸ್ತನಿಗಳಲ್ಲಿ ನೂರಕ್ಕೆ ಸುಮಾರು 90 ಪಾಲು ಮಾಂಸಾಹಾರಿಗಳೇ. ಡೈರ್ ತೋಳಗಳು (ಈಗ ಅಳಿದುಹೋಗಿರುವ ದೊಡ್ಡ ತೋಳ) ಮೊದಲ ಸ್ಥಾನದಲ್ಲಿ, 2,000ಕ್ಕೂ ಹೆಚ್ಚು ಸ್ಮೈಲೊಡಾನ್‌ಗಳು ಎರಡನೇ ಸ್ಥಾನದಲ್ಲಿ.

ಶುರುವಿನಲ್ಲಿ ಇದೆಲ್ಲ ಡಾಂಬರಿಗೆ ಬಿದ್ದು ಸತ್ತ ದನಗಳ ಮೂಳೆ ಅಂತ ಊರಿನವರು ತಳ್ಳಿಹಾಕಿದ್ದರು. 1875ರಲ್ಲಿ ಜಾಗದ ಒಡೆಯ ಹೆನ್ರಿ ಹ್ಯಾಂಕಾಕ್ ಒಂದು ಕೋರೆಹಲ್ಲನ್ನು ವಿಲಿಯಂ ಡೆಂಟನ್ ಎಂಬುವರ ಕೈಗೆ ಕೊಟ್ಟ. ಅದು ದನದ ಹಲ್ಲಲ್ಲ ಅಂತ ಡೆಂಟನ್‌ಗೆ ಗೊತ್ತಾಯಿತು. ದೊಡ್ಡ ಪ್ರಮಾಣದ ಅಗೆತ ನಡೆದದ್ದು 1913ರಿಂದ 1915ರವರೆಗೆ. ಅಲ್ಲಿನ ಬುರುಡೆಗಳನ್ನು ನೋಡಿದರೆ ಗಟ್ಟಿ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದ ಹಾಗೆ ಕಂದು ಬಣ್ಣ. ಅವು ಕಲ್ಲಾಗಿಲ್ಲ. ಡಾಂಬರು ನೆನೆದ ನಿಜವಾದ ಮೂಳೆಯೇ.

ಸಂಖ್ಯೆ ಜಾಸ್ತಿ ಇರುವುದು ಬರೀ ದಾಖಲೆಗಲ್ಲ. ಒಂದೇ ಒಂದು ಬುರುಡೆ ಇದ್ದರೆ ಅದು ಗಂಡೋ ಹೆಣ್ಣೋ, ಮುದಿಯೋ, ರೋಗದ್ದೋ ಗೊತ್ತಾಗುವುದಿಲ್ಲ. ಸಾವಿರ ಇದ್ದರೆ ಮರಿಯಿಂದ ಮುದಿಯವರೆಗೆ ಸಾಲಾಗಿ ಜೋಡಿಸಬಹುದು. ಮುಂದೆ ಹೇಳುವುದರಲ್ಲಿ ಬಹಳಷ್ಟು ಗೊತ್ತಾಗಿರುವುದು ಆ ಸಾಲಿನಿಂದ.

ಈಗ ಬುರುಡೆಗೆ ಬರೋಣ. ನಿಮ್ಮದೇ ಬುರುಡೆಯಿಂದ ಶುರು ಮಾಡೋಣ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಏನೋ ಉರುಳಿದ ಹಾಗೆ ಆಗುತ್ತದಲ್ಲ, ಅದೇ ದವಡೆಯ ಕೀಲು. ಈಗ ಬೆರಳನ್ನು ಕಣ್ಣಿನ ಪಕ್ಕದ ಕಪಾಲಕ್ಕೆ ತಂದು ಹಲ್ಲು ಕಚ್ಚಿ. ಉಬ್ಬಿ ಇಳಿಯುವುದು ಕಚ್ಚುವ ಸ್ನಾಯು. ಅದರ ಕೆಳತುದಿ ಕೆನ್ನೆಮೂಳೆಯ ಒಳಗಿಂದ ಇಳಿದು, ಕೆಳದವಡೆಯಿಂದ ಮೇಲಕ್ಕೆ ಚಾಚಿದ ಒಂದು ಕೊಂಬಿಗೆ ಅಂಟಿಕೊಂಡಿರುತ್ತದೆ. ಸಿಂಹದಲ್ಲಿ ಆ ಕೊಂಬು ಎತ್ತರವಾಗಿ, ಅಗಲವಾಗಿ, ಎದ್ದು ಕಾಣುತ್ತದೆ. ಸ್ಮೈಲೊಡಾನ್‌ನಲ್ಲಿ? ಮೊಂಡಾಗಿ ಒಂದಿಷ್ಟೇ ಇದೆ.

ಯಾಕೆ ಹೀಗೆ? ಉದ್ದನೆಯ ಹಲ್ಲಿನ ಮೊದಲ ತೊಂದರೆ ಬಾಯಿ ತೆರೆಯುವುದು. ಹಲ್ಲಿನ ತುದಿಯೇ ಗದ್ದದವರೆಗೆ ಬರುತ್ತಿದ್ದರೆ, ನಡುವೆ ಬೇಟೆ ಹಿಡಿಸಬೇಕಾದರೆ ಬಾಯಿ ವಿಪರೀತ ಅಗಲವಾಗಬೇಕು. ಗಡಿಯಾರದಲ್ಲಿ ಒಂದು ಮುಳ್ಳು 12ಕ್ಕೆ, ಇನ್ನೊಂದು 2ಕ್ಕೆ ಬಂದರೆ ಎಷ್ಟು ಅಂತರವೋ, ಅದಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 65 ಡಿಗ್ರಿ, ಸಿಂಹ ಬಾಯಿ ತೆರೆಯಬಲ್ಲದು. ಸ್ಮೈಲೊಡಾನ್‌ಗೆ ಎರಡನೇ ಮುಳ್ಳು 4ರ ಹತ್ತಿರ ಹೋಗಬೇಕು. ಸುಮಾರು 110ರಿಂದ 120 ಡಿಗ್ರಿ.

ಬಾಗಿಲು ನೆನಪಿಸಿಕೊಳ್ಳಿ. ಬಾಗಿಲ ಹಿಡಿ ದೊಡ್ಡ ಸುತ್ತು ತಿರುಗುತ್ತದೆ, ಕೀಲಿನ ಹತ್ತಿರದ ಭಾಗ ಒಂಚೂರು ಮಾತ್ರ. ಹಿಡಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಬಾಗಿಲು ಪೂರ್ತಿ ತೆಗೆದರೆ ಅದು ಹರಿದುಹೋಗುತ್ತದೆ. ಕೀಲಿನ ಹತ್ತಿರ ಕಟ್ಟಿದರೆ ಹರಿಯುವುದಿಲ್ಲ. ಸ್ನಾಯುವೂ ಅಷ್ಟೇ, ಅತಿಯಾಗಿ ಎಳೆದರೆ ಕೆಲಸಕ್ಕೆ ಬಾರದು. ಕೊಂಬು ಗಿಡ್ಡವಾದರೆ ಸ್ನಾಯು ಕೀಲಿಗೆ ಹತ್ತಿರ ಬಂದಂತೆ. ಬಾಯಿ ಎಷ್ಟು ಬೇಕಾದರೂ ತೆರೆಯಬಹುದು. ಆದರೆ ಕೀಲಿನ ಹತ್ತಿರ ಕಟ್ಟಿದ ರಬ್ಬರ್ ಬಾಗಿಲನ್ನು ಜೋರಾಗಿ ಮುಚ್ಚುತ್ತದಾ? ಇಲ್ಲ. ಅಲ್ಲೇ ಸಿಕ್ಕಿಬಿದ್ದದ್ದು. ಬಾಯಿ ಅಗಲವಾಯಿತು, ಕಚ್ಚು ಸಡಿಲವಾಯಿತು.

ಎಷ್ಟು ಸಡಿಲ? 2007ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಮೆಕ್‌ಹೆನ್ರಿ, ಸ್ಟೀಫನ್ ರೋ ಮತ್ತು ಸಂಗಡಿಗರು ಬುರುಡೆಯನ್ನು ಸ್ಕ್ಯಾನ್ ಮಾಡಿ, ಸೇತುವೆ, ಕಾರು ಕಟ್ಟುವ ಎಂಜಿನಿಯರುಗಳು ಬಳಸುವಂಥ ಲೆಕ್ಕದಲ್ಲೇ ಪರೀಕ್ಷೆ ಮಾಡಿದರು. ಅಷ್ಟೇ ಗಾತ್ರದ ಸಿಂಹದ ಕಚ್ಚಿನಲ್ಲಿ ಇದಕ್ಕಿದ್ದದ್ದು ಸುಮಾರು ಮೂರನೇ ಒಂದು ಪಾಲು. ನೋಡಿದರೆ ನಡುಕ ಹುಟ್ಟಿಸುವ ಬಾಯಿ, ಕಚ್ಚಿದರೆ ಸಿಂಹಕ್ಕಿಂತ ಬಡಪಾಯಿ!

ಹಾಗಾದರೆ ಹೊಟ್ಟೆಪಾಡು ಹೇಗೆ ಅಂತ ಕೇಳಬಹುದು. ತಿನ್ನುವುದಕ್ಕೆ ತೊಂದರೆ ಇರಲಿಲ್ಲ. ಮಾಂಸ ಕತ್ತರಿಸುವ ದವಡೆಹಲ್ಲುಗಳು ಬಾಯಿಯ ಹಿಂಭಾಗದಲ್ಲಿ, ಕೀಲಿಗೆ ಹತ್ತಿರ ಇದ್ದವು. ಅಡಕತ್ತರಿಯಲ್ಲಿ ಅಡಿಕೆಯನ್ನು ತುದಿಗೆ ಇಟ್ಟರೆ ಎಷ್ಟು ಒತ್ತಿದರೂ ಜಾರುತ್ತದೆ, ಕೀಲಿನ ಬುಡಕ್ಕೆ ತಳ್ಳಿದರೆ ಕಟಕ್ ಅಂತ ತುಂಡಾಗುತ್ತದೆ, ಅಲ್ವಾ? ಅದೇ ಉಪಾಯ. ಕಷ್ಟ ಇದ್ದದ್ದು ಅಡಕತ್ತರಿಯ ತುದಿಯಲ್ಲಿ, ಅಂದರೆ ಕೋರೆಹಲ್ಲಿನಿಂದ ಕೊಲ್ಲುವುದರಲ್ಲಿ.

ಈಗ ಮತ್ತೆ ನಿಮ್ಮ ಬುರುಡೆ. ಕಿವಿಯ ಹಾಲೆಯ ಹಿಂದೆ ಒತ್ತಿ ನೋಡಿ. ಗಟ್ಟಿಯಾದ ಒಂದು ಮೂಳೆಯ ಗುಬುಟು ಸಿಗುತ್ತದೆ. ತಲೆಯನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿದರೆ ಅಲ್ಲಿಂದ ಎದೆಯ ಕಡೆಗೆ ಹಗ್ಗದಂಥ ಸ್ನಾಯು ಎದ್ದು ನಿಲ್ಲುತ್ತದೆ. ಸ್ಮೈಲೊಡಾನ್‌ನಲ್ಲಿ ಈ ಗುಬುಟು ದೊಡ್ಡದಾಗಿ, ಕೆಳಕ್ಕೂ ಮುಂದಕ್ಕೂ ಚಾಚಿಕೊಂಡಿದೆ. ಮೊದಲಲ್ಲೇ ಕೇಳಿದೆನಲ್ಲ, ಕಿವಿಯ ಹಿಂದಿನ ಮೂಳೆ ಯಾಕೆ ಹೀಗೆ ಅಂತ? ಅಲ್ಲಿ ಕಟ್ಟಿಕೊಂಡಿದ್ದದ್ದು ತಲೆಯನ್ನು ಕೆಳಕ್ಕೆ ಎಳೆಯುವ ಕುತ್ತಿಗೆಯ ಸ್ನಾಯುಗಳು. ದವಡೆಯಲ್ಲಿ ಕಳೆದುಕೊಂಡ ಬಲವನ್ನು ಇದು ಕುತ್ತಿಗೆಯಲ್ಲಿ ವಸೂಲಿ ಮಾಡಿಕೊಂಡಿತ್ತು.

ವಿಲಿಯಂ ಆಕರ್‌ಸ್ಟನ್ 1985ರಲ್ಲಿ ಈ ಸುಳಿವುಗಳನ್ನೆಲ್ಲ ಸೇರಿಸಿ ಒಂದು ಚಿತ್ರ ಕೊಟ್ಟರು. ಅದರ ಪ್ರಕಾರ ಕೆಳದವಡೆ ಬೇಟೆಯ ಮೈಗೆ ಒತ್ತಿ ಊರಿ ನಿಲ್ಲುತ್ತದೆ, ಆಧಾರದ ಹಾಗೆ. ಕುತ್ತಿಗೆಯ ಸ್ನಾಯು ಇಡೀ ತಲೆಯನ್ನು ಕೆಳಕ್ಕೆ ಎಳೆದು ಕೋರೆಹಲ್ಲನ್ನು ಒಳಗೆ ಇಳಿಸುತ್ತದೆ. ಹಲ್ಲು ಒಳಹೊಕ್ಕು ಬಾಯಿಯ ಕೋನ ಕಮ್ಮಿಯಾದ ಮೇಲೆ ದವಡೆಯ ಸ್ನಾಯುವೂ ಕೈ ಸೇರಿಸುತ್ತದೆ. ಮುಂದಕ್ಕೆ ಚಾಚಿದ ಬಾಚಿಹಲ್ಲುಗಳು ಮಾಂಸವನ್ನು ಜಾರದಂತೆ ಹಿಡಿಯುತ್ತವೆ. ಆಮೇಲೆ ತಲೆ ಹಿಂದಕ್ಕೆ ಎಳೆದರೆ ಹಿಡಿದದ್ದೆಲ್ಲ ಹರಿದುಬರುತ್ತದೆ. ಈ ಕಚ್ಚು ಬೀಳುತ್ತಿದ್ದದ್ದು ಹೊಟ್ಟೆಗೆ ಅಂತ ಆಕರ್‌ಸ್ಟನ್ ಅಂದಿದ್ದರು; ಗಂಟಲಿಗೆ ಬಿದ್ದು ರಕ್ತನಾಳ, ಶ್ವಾಸನಾಳ ಹರಿಯುತ್ತಿತ್ತು ಅನ್ನುವುದು ಆಮೇಲೆ ಬಂದವರ ವಾದ. ಸಿಂಹ ಗಂಟಲನ್ನು ಹಿಡಿದು ಉಸಿರು ಕಟ್ಟಿಸಿ ನಿಮಿಷಗಟ್ಟಲೆ ಕಾಯುತ್ತದೆ. ಇದಕ್ಕೆ ಕಾಯುವ ವ್ಯವಧಾನವೂ ಇರಲಿಲ್ಲ, ಕಾದರೆ ಗಂಡಾಂತರವೂ ಇತ್ತು.

ಗಂಡಾಂತರ ಯಾಕೆಂದರೆ ಹಲ್ಲು ಚಪ್ಪಟೆ. ಈಗಿನ ಹುಲಿಯ ಕೋರೆಹಲ್ಲನ್ನು ಅಡ್ಡ ಕೊಯ್ದರೆ ಹೆಚ್ಚುಕಮ್ಮಿ ದುಂಡಗೆ ಕಾಣುತ್ತದೆ. ಬೇಟೆ ಯಾವ ಕಡೆ ಕೊಸರಿದರೂ ತಡೆಯುತ್ತದೆ. ಸ್ಮೈಲೊಡಾನ್ ಹಲ್ಲು ಪಕ್ಕದಿಂದ ಒತ್ತಿದ ಹಾಗೆ ತೆಳ್ಳಗಿದೆ, ಚಾಕುವಿನ ಅಲಗಿನಂತೆ. ಹಿಂದೆ ಮುಂದೆ ಎಳೆದರೆ ಗಟ್ಟಿ, ಪಕ್ಕಕ್ಕೆ ತಿರುಚಿದರೆ ಲಟಕ್. 2007ರ ಲೆಕ್ಕದಲ್ಲೂ ಇದೇ ಬಂತು: ಬೇಟೆ ಒದ್ದಾಡಿ ಎಳೆದಾಡಿದರೆ ಸಿಂಹದ ಬುರುಡೆ ತಡೆದುಕೊಳ್ಳುತ್ತದೆ, ಇದರದ್ದು ಕಷ್ಟ. ಅಂದರೆ ಬಾಯಿ ಹಾಕುವ ಮೊದಲೇ ಬೇಟೆ ನೆಲಕ್ಕೆ ಬಿದ್ದು ಅಲುಗಾಡದಂತೆ ಆಗಿರಬೇಕು. ಆ ಕೆಲಸ ಮುಂಗಾಲುಗಳದ್ದು. ಮುಂಗಾಲಿನ ಮೂಳೆಗಳನ್ನು ಎಕ್ಸ್-ರೇ ಮಾಡಿದಾಗ ಅವುಗಳ ಗೋಡೆ ಈಗಿನ ಬೆಕ್ಕುಗಳಿಗಿಂತ ದಪ್ಪ ಇರುವುದು ಕಂಡಿತು. ಮೊದಲು ಜಟ್ಟಿ, ಆಮೇಲೆ ಕಟುಕ.

ಹಾಗಂತ ಎಲ್ಲವೂ ಇತ್ಯರ್ಥವಾಯಿತು ಅಂದುಕೊಳ್ಳಬೇಡಿ. ಇಷ್ಟು ನಾಜೂಕಾದ ಹಲ್ಲು ಮೂಳೆಗೆ ತಾಗಿದರೆ ಮುರಿಯುತ್ತದೆ ಅನ್ನುವುದು ಬಹಳ ದಿನದ ನಂಬಿಕೆ. 2019ರಲ್ಲಿ ಅರ್ಜೆಂಟೀನಾದ ಎರಡು ಸ್ಮೈಲೊಡಾನ್ ಬುರುಡೆಗಳ ವರದಿ ಬಂತು. ಎರಡರಲ್ಲೂ ಮುಖದ ಮೇಲುಭಾಗದಲ್ಲಿ ಮೊಟ್ಟೆಯಾಕಾರದ ತೂತು. ಆ ತೂತಿನ ಆಕಾರಕ್ಕೂ ಅಳತೆಗೂ ಸರಿಯಾಗಿ ಕೂರುವುದು ಯಾವುದು ಗೊತ್ತಾ? ಇನ್ನೊಂದು ಸ್ಮೈಲೊಡಾನ್‌ನ ಕೋರೆಹಲ್ಲು. ತಮ್ಮ ತಮ್ಮಲ್ಲೇ ಕಾದಾಡಿ ಮುಖಕ್ಕೆ ಹಲ್ಲು ಇಳಿಸಿದ್ದವು ಅನ್ನುವುದು ಆ ಸಂಶೋಧಕರ ವಾದ. ಆ ಜಾಗದ ಮೂಳೆ ತೆಳುವಾದ್ದರಿಂದ ತೂತಾಗಿರಬಹುದು, ನಿಜ. ಆದರೂ ಬೇಟೆಯ ಲೆಕ್ಕಾಚಾರ ಜಗಳದ ಹೊತ್ತಿಗೆ ಯಾರಿಗೆ ನೆನಪಿರುತ್ತದೆ?

ಇನ್ನು ಮರಿಗಳ ಬುರುಡೆ. ನನಗೆ ಇವೇ ಎಲ್ಲಕ್ಕಿಂತ ಇಷ್ಟ. ಇಷ್ಟು ಉದ್ದದ ಹಲ್ಲು ಒಂದೇ ಸಲ ಬರುವುದಿಲ್ಲ. ಮೊದಲು ಹಾಲುಹಲ್ಲಾಗಿ ಚಿಕ್ಕದೊಂದು ಕತ್ತಿ. ಆಮೇಲೆ ಅದರ ಪಕ್ಕದಲ್ಲೇ ದೊಡ್ಡ ಕತ್ತಿ. ಹಳೆಯದು ಬಿದ್ದ ಮೇಲೆ ಹೊಸದು ಬರುವುದು ನಮ್ಮ ಪದ್ಧತಿ. ಇಲ್ಲಿ ಹಾಗಲ್ಲ. ಎರಡೂ ತಿಂಗಳುಗಟ್ಟಲೆ ಅಕ್ಕಪಕ್ಕ ಇರುತ್ತಿದ್ದವು. ಬುರುಡೆಯಲ್ಲಿ ಒಂದೇ ಗೂಡಿನಿಂದ ಎರಡು ಹಲ್ಲು ಇಣುಕುವುದನ್ನು ನೋಡಬಹುದು. ಹೊಸ ಹಲ್ಲು ಇನ್ನೂ ಎಳಸಾಗಿರುವಾಗ ಹಾಲುಹಲ್ಲು ಅದಕ್ಕೆ ಊರುಗೋಲಿನ ಹಾಗೆ ಇದ್ದಿರಬೇಕು ಎಂಬ ವಿವರಣೆ 2024ರಲ್ಲಿ ಬಂದಿದೆ. ಬೆಳವಣಿಗೆಯ ವೇಗವನ್ನೂ ಲೆಕ್ಕ ಹಾಕಿದ್ದಾರೆ: ತಿಂಗಳಿಗೆ ಸುಮಾರು 6 ಮಿಲಿಮೀಟರ್. ನಮ್ಮ ಉಗುರು ಬೆಳೆಯುವುದರ ದುಪ್ಪಟ್ಟು. ಆದರೂ ಪೂರ್ತಿ ಬರುವ ಹೊತ್ತಿಗೆ ಪ್ರಾಣಿಗೆ ಸುಮಾರು ಮೂರು ವರ್ಷ. ಅಲ್ಲಿಯವರೆಗೆ ಅಮ್ಮನ ಬೇಟೆಯೇ ಗತಿ ಆಗಿರಬೇಕು.

ಏನು ತಿನ್ನುತ್ತಿತ್ತು ಅನ್ನುವುದೂ ಹಲ್ಲಿನಲ್ಲೇ ಇದೆ. ಹುಲ್ಲು ಮೇಯುವ ಪ್ರಾಣಿ ಮತ್ತು ಸೊಪ್ಪು ಮೇಯುವ ಪ್ರಾಣಿಯ ಮೈಯಲ್ಲಿ ಕಾರ್ಬನ್‌ನ ಗುರುತು ಬೇರೆ ಬೇರೆ ಇರುತ್ತದೆ. ಅವನ್ನು ತಿಂದ ಪ್ರಾಣಿಯ ಹಲ್ಲಿನ ಹೊರಪದರಕ್ಕೂ (ಎನಾಮೆಲ್) ಅದೇ ಗುರುತು ದಾಟುತ್ತದೆ. ಲಾರಿಸಾ ಡಿಸ್ಯಾಂಟಿಸ್ ಮತ್ತು ಸಂಗಡಿಗರು 2019ರಲ್ಲಿ ಲಾ ಬ್ರೇಯಾದ ಹಲ್ಲುಗಳನ್ನು ಹೀಗೆ ನೋಡಿದರು. ಬಯಲಿನಲ್ಲಿ ಕಾಡೆಮ್ಮೆಯನ್ನು ಅಟ್ಟಿಸಿಕೊಂಡು ಓಡುವ ಸ್ಮೈಲೊಡಾನ್ ಚಿತ್ರ ಎಷ್ಟೊಂದು ಪುಸ್ತಕಗಳಲ್ಲಿದೆ! ಹಲ್ಲು ಹೇಳಿದ್ದು ಬೇರೆ. ಲಾ ಬ್ರೇಯಾದ ಸ್ಮೈಲೊಡಾನ್ ಜಾಸ್ತಿ ತಿಂದದ್ದು ಮರಗಳ ನಡುವೆ ಸೊಪ್ಪು ಮೇಯುವ ಟೇಪಿರ್, ಜಿಂಕೆಯಂಥವನ್ನು.

ಈ ಕತ್ತಿಹಲ್ಲು ಬೆಕ್ಕುಗಳ ಸ್ವತ್ತೂ ಅಲ್ಲ. ಬೇರೆ ಬೇರೆ ಪ್ರಾಣಿವಂಶಗಳಲ್ಲಿ ಮತ್ತೆ ಮತ್ತೆ ಹುಟ್ಟಿದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಅರ್ಜೆಂಟೀನಾದ ಥೈಲಕೋಸ್ಮೈಲಸ್. ಅದು ಕಾಂಗರೂಗಳ ಕಡೆಯ ದೂರದ ನೆಂಟ. ಅದರ ಕೋರೆಹಲ್ಲು ಸಾಯುವ ತನಕ ಬೆಳೆಯುತ್ತಲೇ ಇತ್ತು. ಹಲ್ಲಿನ ಬೇರು ಮೇಲಕ್ಕೆ ಹೋಗಿ ಕಣ್ಣಗುಳಿಗಳ ಮೇಲೆ ಕಮಾನು ಹಾಕಿಕೊಂಡಿದೆ. ಬೇರಿಗೆ ಜಾಗ ಬಿಟ್ಟುಕೊಟ್ಟು ಕಣ್ಣುಗಳೇ ಪಕ್ಕಕ್ಕೆ ಸರಿದುಬಿಟ್ಟಿವೆ, ದನದ ಕಣ್ಣಿನ ಹಾಗೆ. ಹಲ್ಲು ಮುಚ್ಚಿಕೊಳ್ಳಲು ಕೆಳದವಡೆಯಲ್ಲಿ ಎರಡು ಒರೆಗಳಂತೆ ಮೂಳೆ ಇಳಿದಿದೆ. ಮೇಲಿನ ಬಾಚಿಹಲ್ಲೇ ಇಲ್ಲ. ಇದು ನಿಜವಾಗಿಯೂ ಬೇಟೆಯಾಡುತ್ತಿತ್ತೋ, ಸತ್ತ ಪ್ರಾಣಿಗಳ ಹೊಟ್ಟೆ ಬಗೆದು ತಿನ್ನುತ್ತಿತ್ತೋ ಎಂದು 2020ರಿಂದ ಚರ್ಚೆ ನಡೆಯುತ್ತಿದೆ.

ಯಾಕೆ ಮತ್ತೆ ಮತ್ತೆ ಅದೇ ಹಲ್ಲು? ಬ್ರಿಸ್ಟಲ್‌ನ ಟಾಲಿಯಾ ಪೊಲಾಕ್ ತಂಡ 2025ರಲ್ಲಿ ಇದಕ್ಕೆ ಒಂದು ನೇರ ಉತ್ತರ ಕೊಟ್ಟಿತು. 95 ಮಾಂಸಾಹಾರಿ ಪ್ರಾಣಿಗಳ ಹಲ್ಲಿನ ಆಕಾರ ಹೋಲಿಸಿದರು. ಅವುಗಳಲ್ಲಿ 25 ಕತ್ತಿಹಲ್ಲಿನವು. ಕೃತಕ ಹಲ್ಲು ಮಾಡಿ ಜೆಲಾಟಿನ್ ಗಡ್ಡೆಗೆ ಚುಚ್ಚಿ ಎಷ್ಟು ಒತ್ತಡ ಬೇಕು ಅಂತ ಅಳೆದರು. ತೆಳ್ಳಗೆ, ಉದ್ದಕ್ಕೆ, ಚೂಪಾಗಿ ಇದ್ದರೆ ಸಲೀಸಾಗಿ ಚುಚ್ಚುತ್ತದೆ, ಆದರೆ ಬೇಗ ಮುರಿಯುತ್ತದೆ. ಕತ್ತಿಹಲ್ಲು ಚುಚ್ಚುವುದರ ತುತ್ತತುದಿಯಲ್ಲಿ ನಿಂತಿದೆ. ಅಂಥ ಒಂದೇ ಕೆಲಸದ ಹಲ್ಲು ಇಟ್ಟುಕೊಂಡವರಿಗೆ ಕಾಲ ಬದಲಾದಾಗ ಬೇರೆ ದಾರಿ ಕಮ್ಮಿ. ಲಾ ಬ್ರೇಯಾದಲ್ಲಿ ಸ್ಮೈಲೊಡಾನ್ ಸುಮಾರು 13,000 ವರ್ಷಗಳ ಹಿಂದೆ ಕಣ್ಮರೆಯಾಯಿತು. ಹವೆ ಬದಲಾವಣೆ, ಕಾಡ್ಗಿಚ್ಚು, ಮನುಷ್ಯ ಮೂರೂ ಆ ಹೊತ್ತಿಗೆ ಒಟ್ಟಿಗೆ ಬಂದಿದ್ದವು.

ನಮ್ಮ ದೇಶಕ್ಕೂ ಇದರ ನಂಟು ಇದೆ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ 1830ರ ದಶಕದಲ್ಲಿ ಹ್ಯೂ ಫಾಲ್ಕನರ್ ಮತ್ತು ಪ್ರೋಬಿ ಕಾಟ್ಲಿ ಪಳೆಯುಳಿಕೆ ಹುಡುಕಿದರು. ಅಲ್ಲಿ ಸಿಕ್ಕ ಕತ್ತಿಹಲ್ಲಿನ ಬೆಕ್ಕಿಗೆ ಫಾಲ್ಕನರ್ ಹೆಸರೇ ಬಂದಿದೆ: ಮೆಗಾಂಟೆರಿಯಾನ್ ಫಾಲ್ಕನೆರಿ. ಸ್ಮೈಲೊಡಾನ್‌ಗೆ ಇದು ದಾಯಾದಿ. ಹಿಮಾಚಲದ ನಾಹನ್ ಹತ್ತಿರ ಸುಕೇತಿಯಲ್ಲಿ ಒಂದು ಪಳೆಯುಳಿಕೆ ಉದ್ಯಾನವನ್ನೇ ಮಾಡಿದ್ದಾರೆ. ಶಿಮ್ಲಾ ಟೂರ್ ಹೋಗುವವರು ಒಂದು ದಿನ ಆ ಕಡೆ ತಿರುಗಿದರೆ ನಷ್ಟವಿಲ್ಲ.

ಬುರುಡೆ ಹೇಳದ ಒಂದು ವಿಷಯ ಅಂದರೆ ತುಟಿ. ಬಾಯಿ ಮುಚ್ಚಿದಾಗ ಹಲ್ಲು ಹೊರಗೆ ಕಾಣುತ್ತಿತ್ತಾ? ಮಾಂಸ ಉಳಿಯುವುದಿಲ್ಲವಲ್ಲ, ಹಾಗಾಗಿ ವಾದ ಮುಗಿದೇ ಇರಲಿಲ್ಲ. ಸ್ಪೇನಿನ ಚಿತ್ರಕಾರ ಮೌರಿಸಿಯೊ ಆಂಟನ್ ಮತ್ತು ಸಂಗಡಿಗರು 2022ರಲ್ಲಿ, ಸ್ಮೈಲೊಡಾನ್ ಹಲ್ಲು ಹೊರಗೆ ಇಣುಕುತ್ತಿತ್ತು, ಅದಕ್ಕಿಂತ ಚಿಕ್ಕ ಹಲ್ಲಿನ ಹೋಮೋಥೀರಿಯಂನಲ್ಲಿ ತುಟಿಯೊಳಗೆ ಅಡಗಿರುತ್ತಿತ್ತು ಎಂದು ವಾದಿಸಿದರು. ಹೋಮೋಥೀರಿಯಂ ಕೂಡ ಕತ್ತಿಹಲ್ಲಿನದೇ. ಆದರೆ ಅದರ ಹಲ್ಲು ಗಿಡ್ಡ, ಅಂಚಿನಲ್ಲಿ ಕುಡುಗೋಲಿನ ಹಾಗೆ ಒರಟು ಗರಗಸ.

ಅಷ್ಟರಲ್ಲಿ ಸೈಬೀರಿಯಾದಲ್ಲಿ ಒಂದು ಮರಿ ಸಿಕ್ಕಿತ್ತು. ಯಾಕೂಟಿಯಾದ ಬದ್ಯಾರಿಖಾ ನದಿಯ ದಂಡೆಯಲ್ಲಿ, 2020ರಲ್ಲಿ. ಹಿಮದಲ್ಲಿ ಹೆಪ್ಪುಗಟ್ಟಿದ್ದ ಹೋಮೋಥೀರಿಯಂ ಮರಿ. ಸತ್ತು 35,000 ವರ್ಷ ದಾಟಿದೆ, ಕಂದು ತುಪ್ಪಳ ಹಾಗೇ ಇದೆ, ಪುಟ್ಟ ಪಂಜ ಇದೆ, ಮೀಸೆಯ ಬುಡ ಕೂಡ ಇದೆ. 2024ರ ನವೆಂಬರ್‌ನಲ್ಲಿ ಅಲೆಕ್ಸೈ ಲೊಪಾಟಿನ್ ತಂಡ ವಿವರ ಪ್ರಕಟಿಸಿತು. ಅಷ್ಟೇ ವಯಸ್ಸಿನ ಸಿಂಹದ ಮರಿಯ ಪಕ್ಕದಲ್ಲಿಟ್ಟು ಹೋಲಿಸಿದ್ದರು. ಬಾಯಿ ದೊಡ್ಡದು, ಮೇಲ್ದುಟಿ ಎತ್ತರ, ಕಿವಿ ಚಿಕ್ಕದು. ಸಾಯುವಾಗ ಅದಕ್ಕೆ ಬರೀ ಮೂರು ವಾರ. ಕುತ್ತಿಗೆ ಮಾತ್ರ ಆಗಲೇ ಸಿಂಹದ ಮರಿಯದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ ಇತ್ತು.